ಕೆಲಸ ಬಿಟ್ಟು ಎಣ್ಣೆ ಗಾಣ ಹಾಕಬೇಕು ಅಂತಿದ್ದೇನೆ, ಅನುಭವ ಇದ್ದವರು ಹೇಳಿ

ನಮಸ್ಕಾರ. ವಯಸ್ಸು 34, ದಾವಣಗೆರೆ. ಖಾಸಗಿ ಕೆಲಸ, ಸಂಬಳ 26 ಸಾವಿರ. ಮರದ ಗಾಣ ಹಾಕಿ ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಮಾರುವ ಆಸೆ. ಕೈಯಲ್ಲಿ 4 ಲಕ್ಷ ಇದೆ. ಮಗಳು ಯುಕೆಜಿ. ಅಪ್ಪ ಬೇಡ ಅಂತಾರೆ. ಸ್ವಂತದ್ದು ಶುರು ಮಾಡಿದವರು ಹೇಳಿ, ಕೆಲಸ ಬಿಡಲಾ, ಇಟ್ಟುಕೊಂಡೇ ಮಾಡಲಾ?

ತುಮಕೂರು ಗಾಣ:

ನಾನು ಇದನ್ನೇ ಮಾಡಿದವನು. 2021ರ ಮಾರ್ಚ್‌ನಲ್ಲಿ ಶುರು, 2023ರ ಜನವರಿಯಲ್ಲಿ ಬಾಗಿಲು. ಲೆಕ್ಕದ ಪುಸ್ತಕ ಈಗಲೂ ಇದೆ, ಅದನ್ನು ಪಕ್ಕದಲ್ಲಿಟ್ಟುಕೊಂಡೇ ಬರೀತಿದ್ದೇನೆ.

ಗಾಣ 1,85,000. ಶೆಡ್ ಅಡ್ವಾನ್ಸ್ 1 ಲಕ್ಷ, ಬಾಡಿಗೆ 9,000. ತ್ರೀ ಫೇಸ್ ಕರೆಂಟಿಗೆ ಡಿಪಾಸಿಟ್ಟು, ವೈರಿಂಗು ಎಲ್ಲ ಸೇರಿ 62,000. ಸ್ಟೀಲ್ ಡ್ರಮ್, ತಕ್ಕಡಿ, ಬಾಟಲಿ, ಲೇಬಲ್ 28,000. ಅಲ್ಲಿಗೆ 3,75,000 ಆಯ್ತು. ನನ್ನ ಹತ್ತಿರ ಇದ್ದದ್ದು 4,20,000. ಉಳಿದ 45 ಸಾವಿರಕ್ಕೆ ಶೇಂಗಾ ಬೀಜ ತಂದೆ. ನಾನು ಸೋತದ್ದು ಆವತ್ತೇ, ಗೊತ್ತಾಗಿದ್ದು ಮಾತ್ರ ಒಂದು ವರ್ಷ ಆದ ಮೇಲೆ.

ಶೇಂಗಾ ಕೊಳ್ಳಬೇಕಾದ್ದು ಸುಗ್ಗಿಯಲ್ಲಿ. ಚಳ್ಳಕೆರೆ, ಪಾವಗಡ ಕಡೆ ಕಾಯಿ ಕೀಳುವಾಗ ವರ್ಷಕ್ಕಾಗುವಷ್ಟು ತುಂಬಿಕೊಳ್ಳಬೇಕು. ಗಿರಣಿಯವರು ಲಾರಿಗಟ್ಟಲೆ ಎತ್ತುತ್ತಿದ್ದರು, ನಾನು ವಾರಕ್ಕೆ ಎರಡು ಮೂಟೆ ಅಂಗಡಿಯಿಂದ ತರ್ತಿದ್ದೆ. ಕಿಲೋಗೆ 104ಕ್ಕೆ ಸಿಗ್ತಿದ್ದ ಬೀಜ 131 ಆಯ್ತು. ನನ್ನ ಗಾಣದಲ್ಲಿ ಒಂದು ಲೀಟರಿಗೆ ಎರಡೂವರೆ ಕಿಲೋ ಬೇಕು, ಅಂದರೆ 327 ರೂಪಾಯಿ. ಹಿಂಡಿ ಮಾರಿದ್ದು 54 ಕಳೆದರೆ 273. ಬಾಡಿಗೆ, ಕರೆಂಟು, ಬಾಟಲಿ ಲೀಟರಿಗೆ 58. ನಾನು ಮಾರಿದ್ದು 340ಕ್ಕೆ. ಲೀಟರಿಗೆ ಒಂಬತ್ತು ರೂಪಾಯಿ ಉಳೀತು. ತಿಂಗಳಿಗೆ 240 ಲೀಟರ್ ಹೋದರೆ 2,160. ನನ್ನ ಕೂಲಿ, ಹೆಂಡತಿ ಕೂಲಿ ಇದರಲ್ಲಿ ಸೇರಿಲ್ಲ.

ಇನ್ನೊಂದು. ಗಾಣದ ಎಣ್ಣೆ ಮೂರು ನಾಲ್ಕು ದಿನ ಕೂರಬೇಕು. ಗಸಿ ಇಳಿದು ಮೇಲೆ ತಿಳಿ ನಿಲ್ಲಬೇಕು. ಮಳೆಗಾಲದಲ್ಲಿ ಒಬ್ಬರು ಅವಸರ ಮಾಡಿದರು ಅಂತ ಎರಡನೇ ದಿನವೇ ತುಂಬಿ ಕೊಟ್ಟೆ, 36 ಬಾಟಲಿ. ಹದಿನೈದು ದಿನಕ್ಕೆ ತಳದಲ್ಲಿ ಎರಡು ಬೆರಳು ಕೆಸರಿನಂಥದ್ದು, ಮುಚ್ಚಳ ತೆಗೆದರೆ ಕಮಟು ವಾಸನೆ. ಮನೆ ಮನೆಗೆ ಹೋಗಿ ಅಷ್ಟನ್ನೂ ವಾಪಸ್ ತಂದೆ. 12,240 ರೂಪಾಯಿ. ಗಾಣ 70 ಸಾವಿರಕ್ಕೆ ಹೋಯ್ತು. ಹೆಂಡತಿಯ ಎರಡು ಬಳೆ ಇನ್ನೂ ಅಡವಿನಲ್ಲಿವೆ.

ಗದಗ ರೊಟ್ಟಿ:

ಅಣ್ಣಾರ, ಓದಿ ಸಂಕಟ ಆಯ್ತು. ಆದರೆ ಹೊಸಬರನ್ನು ಹೀಗೆ ಹೆದರಿಸಬೇಡ್ರಿ.

2018ರಲ್ಲಿ ನಮ್ಮ ಮನೆಯವರ ಕೆಲಸ ಹೋಯ್ತು. ಎರಡು ಹಂಚು, ಒಂದು ಚೀಲ ಜೋಳ, ಒಟ್ಟು 3,200 ರೂಪಾಯಿ. ಓಣಿಯಲ್ಲಿ ಒಂದು ಸೀಮಂತಕ್ಕೆ 150 ಕಡಕ್ ರೊಟ್ಟಿ ಮಾಡಿಕೊಟ್ಟೆ. ಮೈದುನ ಎಲ್ಲರ ಮುಂದೆ "ಮಂದಿ ಮನೆಗೆ ರೊಟ್ಟಿ ಬಡಿಯೋದೂ ಒಂದು ಉದ್ಯೋಗ ಏನು?" ಅಂದ. ಇವತ್ತು ನನ್ನ ಜೊತೆ ಹನ್ನೊಂದು ಮಂದಿ ಹೆಣ್ಣುಮಕ್ಕಳು ಇದ್ದಾರೆ. ದಿನಕ್ಕೆ 1,500 ರೊಟ್ಟಿ.

ಪೆಟ್ಟು ನನಗೂ ಬಿದ್ದಿವೆ. ಮೊದಲ ಸಲ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ 400 ರೊಟ್ಟಿ ಕಳಿಸಿದೆ. ನಲವತ್ತರ ಕಟ್ಟು ಮಾಡಿದ್ದೆ. ಕೆಳಗಿನವು ಪುಡಿ ಆದವು, 130 ಹೋದವು. ತರಿಸಿಕೊಂಡವರು ಪೂರ್ತಿ ದುಡ್ಡು ಕೊಡದೆ ಹಿಡಿದರು. ಇನ್ನೊಮ್ಮೆ ಕ್ವಿಂಟಲಿಗೆ 400 ಕಡಿಮೆ ಅಂತ ಆರು ಕ್ವಿಂಟಲ್ ಬೇರೆ ಜೋಳ ತಂದೆ. ರೊಟ್ಟಿಗೆ ಒಗ್ಗುವ ಮಾಲ್ದಂಡಿ ತಳಿ ಅಲ್ಲ. ಹಿಟ್ಟಿಗೆ ಜಿಗಿ ಇಲ್ಲ. ಎಸರು ಹಾಕಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತಿತ್ತು. ನಾಲ್ಕು ದಿನ ಎಲ್ಲರೂ ಕೂತು ಅತ್ತಿದ್ದೇವೆ. 2,400 ಉಳಿಸಲು ಹೋಗಿ ಎರಡು ಮದುವೆ ಆರ್ಡರು ಕಳಕೊಂಡೆ.

ಆದರೂ ಹೇಳ್ತೀನಿ ತಮ್ಮಾ, ಶುರು ಮಾಡು.

ತುಮಕೂರು ಗಾಣ:

ಅಕ್ಕಾ, ನಾನು ಹೆದರಿಸ್ತಿಲ್ಲ, ಲೆಕ್ಕ ಹೇಳ್ತಿದ್ದೇನೆ. ನಿಮಗೆ ಶೆಡ್ ಬಾಡಿಗೆ ಇರಲಿಲ್ಲ, ತ್ರೀ ಫೇಸ್ ಬೇಕಿರಲಿಲ್ಲ. ಮನೆ ಹೇಗೂ ನಡೀತಿತ್ತು. 3,200 ಹೋದರೂ ಮುಳುಗುತ್ತಿರಲಿಲ್ಲ.

ಗದಗ ರೊಟ್ಟಿ:

ಮನೆ ಹೇಗೂ ನಡೀತಿತ್ತು ಅಂತ ಯಾರು ಹೇಳಿದರು? ಮನೆಯವರ ಕೆಲಸ ಹೋಗಿತ್ತು ಅಂತ ಬರೆದಿದ್ದೇನೆ. ಆ 3,200 ಮಗನ ಶಾಲೆ ಫೀಸಿನ ದುಡ್ಡು. ಹೆಣ್ಣುಮಕ್ಕಳು ಮಾಡಿದ್ದು ಅಂದ ಕೂಡಲೇ ಟೈಮ್ ಪಾಸ್ ಅಂದುಕೊಳ್ಳಬೇಡ್ರಿ.

ಮಂಡ್ಯ ಮಾಲ್ಟ್:

ಇಬ್ಬರೂ ಸ್ವಂತ ದುಡ್ಡೇ ಹಾಕಿದ್ದೀರಿ, ಯೋಜನೆ ಬಗ್ಗೆ ಯಾರೂ ಹೇಳಲಿಲ್ಲ. ನಾನು ಪಿಎಂಎಫ್‌ಎಂಇಯಲ್ಲಿ ತಗೊಂಡೆ, ಆಹಾರ ಪದಾರ್ಥ ಮಾಡುವ ಸಣ್ಣ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಅದು. ನಾನು ತಗೊಂಡಾಗ ವೆಚ್ಚದಲ್ಲಿ ಆ ಯೋಜನೆಯದ್ದು ಶೇ 35, ನಮ್ಮ ರಾಜ್ಯ ಮೇಲೆ ಶೇ 15 ಕೊಡ್ತಿತ್ತು. ಗಾಣಕ್ಕೂ ಸಿಗ್ತಿತ್ತು, ಈಗ ಇದೆಯಾ ವಿಚಾರಿಸಿ. ನನ್ನದು ರಾಗಿ ಮಾಲ್ಟ್, 6,40,000ದ ಯೋಜನೆ. ಕೈಯಿಂದ 64 ಸಾವಿರ, ಉಳಿದದ್ದು ಸಾಲ, ಸಬ್ಸಿಡಿ 3,20,000. ಎರಡು ಬ್ಯಾಂಕು ಇಲ್ಲ ಅಂದವು, ಮೂರನೆಯದು ಕೊಟ್ಟಿತು. ಏಳು ತಿಂಗಳು ಓಡಾಡಿದೆ. ಮೈಸೂರಿಗೆ, ಮಂಡ್ಯಕ್ಕೆ ಬಸ್ ಚಾರ್ಜೇ 3,800 ಆಯ್ತು, ಬರೆದಿಟ್ಟಿದ್ದೇನೆ.

ನನ್ನ ನಷ್ಟ ಮಳೆಯದ್ದು. ಮೊಳಕೆ ಕಟ್ಟಿದ ರಾಗಿ ಒಣಗಲಿಲ್ಲ, 80 ಕಿಲೋ ಬೂಷ್ಟು ಹಿಡೀತು. ಕೈ ಹಾಕಿದರೆ ಬಟ್ಟೆ ಥರ ಎದ್ದು ಬರ್ತಿತ್ತು. ಅಷ್ಟನ್ನೂ ತಿಪ್ಪೆಗೆ ಹಾಕಿದೆ. ಆಮೇಲೆ ಡ್ರೈಯರ್ ತಗೊಂಡೆ.

ತುಮಕೂರು ಗಾಣ:

ಆ ಯೋಜನೆಯ ಸಬ್ಸಿಡಿ ದುಡ್ಡು ಮೂರು ವರ್ಷ ಬ್ಯಾಂಕಿನಲ್ಲೇ ಕೂರುತ್ತೆ, ಕಂತು ಸರಿಯಾಗಿ ಕಟ್ಟಿದರೆ ಸಾಲಕ್ಕೆ ಜಮಾ ಆಗುತ್ತೆ. ಅದನ್ನೂ ಹೇಳಿ. ಓದಿದವರು ಮೂರು ಲಕ್ಷ ಕೈಗೆ ಬರುತ್ತೆ ಅಂದುಕೊಳ್ತಾರೆ. ಆ ದುಡ್ಡಲ್ಲಿ ಒಂದು ಮೂಟೆ ಶೇಂಗಾ ಬರಲ್ಲ.

ಮಂಡ್ಯ ಮಾಲ್ಟ್:

ಕೈಗೆ ಬರುತ್ತೆ ಅಂತ ನಾನು ಎಲ್ಲಿ ಬರೆದೆ? ಅರ್ಜಿಯನ್ನೇ ಹಾಕದವರು ಹಾಕಿದವರಿಗೆ ಪಾಠ ಹೇಳಬೇಡಿ. ನನ್ನ ಸಾಲ ಈಗ ಅರ್ಧಕ್ಕಿಂತ ಕಡಿಮೆ ಇದೆ.

ಶಿವಮೊಗ್ಗ ಟೈಲರ್:

ನೀವೆಲ್ಲ ಮಷಿನ್ ಬೆಲೆ ಹೇಳ್ತಿದ್ದೀರಿ. ನನ್ನನ್ನು ಕೊಂದದ್ದು ಉದ್ರಿ.

ಉಜಿರೆಯ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಒಂದು ತಿಂಗಳು ಹೊಲಿಗೆ ಕಲಿತೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. 1982ರಿಂದ ನಡೀತಿದೆ, ಅಲ್ಲಿ ಕಲಿತವರು ಎಲ್ಲ ಊರಲ್ಲೂ ಸಿಗ್ತಾರೆ. ಕೆಲಸ ಚೆನ್ನಾಗಿ ಕಲಿಸಿದರು. ಉದ್ರಿ ಕೇಳಿದವರಿಗೆ ಇಲ್ಲ ಅನ್ನೋದನ್ನು ಮಾತ್ರ ನಾನೇ ಕಲೀಬೇಕಿತ್ತು. ಲೈನಿಂಗ್ ಬ್ಲೌಸ್, ಸೀರೆಗೆ ಕುಚ್ಚು, ಫಾಲ್ ಎಲ್ಲ ಸೇರಿ ಮೊದಲ ವರ್ಷ ಬರಬೇಕಾದ ಬಾಕಿ 23,400. ಅದರಲ್ಲಿ 15 ಸಾವಿರ ನೆಂಟರದ್ದೇ. ಸೋದರತ್ತೆ ಮಗಳ ಮದುವೆಗೆ ಒಂಬತ್ತು ಬ್ಲೌಸ್, ರಾತ್ರಿ ಎರಡರವರೆಗೆ ಕೂತು ಹೊಲಿದೆ. ಕೊಟ್ಟದ್ದು ಒಂದು ಡಬ್ಬಿ ಲಾಡು. ದುಡ್ಡು ಕೇಳಿದ್ದಕ್ಕೆ ಮಾತು ಬಿಟ್ಟರು. ಈಗ ಅರ್ಧ ದುಡ್ಡು ಮುಂಚೆ ಕೊಡದಿದ್ದರೆ ಯಾರ ಬಟ್ಟೆಗೂ ಕತ್ತರಿ ಹಾಕಲ್ಲ. ನೆಂಟರು ಕಡಿಮೆಯಾದರು, ಗಿರಾಕಿ ಜಾಸ್ತಿ ಆದರು.

ಹುಬ್ಬಳ್ಳಿ ಮಷಿನ್:

ಗದಗದ ಅಕ್ಕಾರ, ಹನ್ನೊಂದು ಮಂದಿ 1,500 ರೊಟ್ಟಿ ಅಂದ್ರಿ. ನನ್ನ ಮಷಿನ್ನು, ಮೂರು ಮಂದಿ, ಅಷ್ಟೇ ರೊಟ್ಟಿ ಮಧ್ಯಾಹ್ನದೊಳಗೆ. ಬೆಳಿಬೇಕು ಅಂದರೆ ಕೈ ಬಡಿತ ಬಿಡಬೇಕು.

ಗದಗ ರೊಟ್ಟಿ:

ಮಷಿನ್ ರೊಟ್ಟಿ ತಿಂದಿದ್ದೇನೆ. ಮುರಿದರೆ ಹಲಗೆ ಮುರಿದಂಗೆ ಆಗುತ್ತೆ. ಕೈಯಲ್ಲಿ ಬಡಿದದ್ದು ನಡುವೆ ತೆಳು, ಉಬ್ಬಿ ಎರಡು ಪದರ ಆಗಿರುತ್ತೆ, ಎಣಗಾಯಿ ರಸ ಹೀರುತ್ತೆ. ಮತ್ತೆ ಆ ಎಂಟು ಮಂದಿ ಎಲ್ಲಿಗೆ ಹೋಗಬೇಕು ಹೇಳ್ರಿ. ಅದರಲ್ಲಿ ಇಬ್ಬರು ಗಂಡ ತೀರಿಕೊಂಡವರು.

ಹುಬ್ಬಳ್ಳಿ ಮಷಿನ್:

ನಾನೂ ಹೊಟ್ಟೆಪಾಡಿಗೇ ಮಾಡ್ತಿರೋದು ಅಕ್ಕಾರ. ಬಡಿಯುವವರು ಸಿಗದೆ ಎರಡು ದೀಪಾವಳಿ ಆರ್ಡರು ವಾಪಸ್ ಕೊಟ್ಟೆ, ಆಮೇಲೆ ಮಷಿನ್ ಹಾಕಿದ್ದು. ಹಲಗೆ ಅಂದದ್ದು ಮನಸ್ಸಿಗೆ ನಾಟಿತು.

ದಾವಣಗೆರೆ, ಪ್ರಶ್ನೆ ಕೇಳಿದವನು:

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಶೇಂಗಾ ಲೆಕ್ಕ ಎರಡು ಸಲ ಓದಿಸಿದರು. ಕೆಲಸ ಇಟ್ಟುಕೊಂಡೇ ಮಾಡೋಕೆ ಆಗುತ್ತಾ ಅನ್ನೋದು ಮಾತ್ರ ಇನ್ನೂ ಗೊತ್ತಾಗಲಿಲ್ಲ.

ತುಮಕೂರು ಗಾಣ:

ಆಗುತ್ತೆ. ಗಾಣ ಈಗಲೇ ಕೊಳ್ಳಬೇಡಿ. ಕೂಲಿಗೆ ಎಣ್ಣೆ ಬಿಡಿಸಿಕೊಡುವ ಗಾಣ ನಿಮ್ಮ ಸುತ್ತ ಹುಡುಕಿ. ಸುಗ್ಗಿಯಲ್ಲಿ ನಾಲ್ಕು ಮೂಟೆ ಬೀಜ ಕೊಂಡು ಭಾನುವಾರ ಭಾನುವಾರ ಬಿಡಿಸಿ, ಆಫೀಸಿನವರಿಗೆ ಮಾರಿ. ಒಂದೇ ಮನೆ ಮೂರನೇ ಸಲ ಕೇಳಿದರೆ ಆಮೇಲೆ ಶೆಡ್ ನೋಡಿ. ಬೀಜ ಕೊಳ್ಳುವಾಗ ಹಲ್ಲಲ್ಲಿ ಕಡಿದು ನೋಡಿ, ಟಕ್ ಅನ್ನಬೇಕು. ಮೆತ್ತಗೆ ಅಂದರೆ ಹಸಿ, ತಗೋಬೇಡಿ. ನಾನು ಇದ್ಯಾವುದನ್ನೂ ಮಾಡಲಿಲ್ಲ. ಗದಗದ ಅಕ್ಕಾ, ಮನೆ ನಡೀತಿತ್ತು ಅಂದದ್ದು ನನ್ನ ತಪ್ಪು.

ಹುಬ್ಬಳ್ಳಿ ಮಷಿನ್:

ಅಕ್ಕಾರ, ನಿಮಗೆ 50 ರೊಟ್ಟಿ ಕಳಿಸ್ತೀನಿ. ತಿಂದು ನೋಡಿ ಹೇಳ್ರಿ.

ಗದಗ ರೊಟ್ಟಿ:

ಕಳಿಸ್ರಿ, ತಿಂದು ಇದ್ದದ್ದು ಇದ್ದಂಗೆ ಹೇಳ್ತೀನಿ. ಹತ್ತರ ಕಟ್ಟು ಮಾಡ್ರಿ, ಅದರ ಮೇಲೆ ಒಂದೂ ಇಡಬೇಡ್ರಿ.