ಓದಿದ ಶಾಲೆಗೆ ಏನು ಮಾಡೋಣ? ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮೂರು ಯಾದಗಿರಿ ಕಡೆ, ಕೆಲಸ ಬೆಂಗಳೂರಲ್ಲಿ. ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಗೆಳೆಯರೆಲ್ಲ ಸೇರಿ ದುಡ್ಡು ಹಾಕಬೇಕು ಅಂತಿದ್ದೇವೆ. ಸ್ಮಾರ್ಟ್ ಟಿವಿ ಕೊಡಿಸೋಣ ಅಂತ ಕೆಲವರು, ಗೋಡೆಗೆ ಬಣ್ಣ ಹೊಡೆಸೋಣ ಅಂತ ಕೆಲವರು. ಇಂಥ ಕೆಲಸ ಮಾಡಿದವರು ದಯವಿಟ್ಟು ದಾರಿ ಹೇಳಿ.

ರಾಯಚೂರು ಜಿಲ್ಲೆಯ ಶಿಕ್ಷಕಿ: ಟಿವಿ, ಬಣ್ಣ ಎರಡೂ ಸದ್ಯಕ್ಕೆ ಬೇಡ ಸರ್. ದಸರಾ ಮುಗಿದ ಮೇಲೆ ಊರಿಗೆ ಹೋಗಿ, ಶಾಲೆಗೆ ಎಷ್ಟು ಮಕ್ಕಳು ಬರುತ್ತಿದ್ದಾರೆ ನೋಡಿ. ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಕಡೆ ಆರು, ಏಳನೇ ತರಗತಿಯ ಬೆಂಚುಗಳು ಖಾಲಿ ಹೊಡೆಯುತ್ತವೆ. ಕೂಲಿ ಕೊಡುವುದು ಕೆಜಿ ಲೆಕ್ಕದಲ್ಲಿ, ಹಾಗಾಗಿ ಮನೆಯಿಂದ ಎಷ್ಟು ಕೈ ಹೋದರೆ ಅಷ್ಟು ದುಡ್ಡು. ಹೊಲಕ್ಕೆ ಹೋಗದ ಹುಡುಗಿಯರೂ ಬರುವುದಿಲ್ಲ, ಅವ್ವ ಕೂಲಿಗೆ ಹೋದರೆ ಕೂಸು ನೋಡಿಕೊಳ್ಳುವವರು ಯಾರು? ನನ್ನ ತರಗತಿಯ ಒಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಿಟಕಿಯ ಆಚೆ ನಿಂತು ಬೋರ್ಡ್ ನೋಡುತ್ತಿದ್ದಳು. ಒಳಗೆ ಬಾ ಅಂದರೆ "ಅಳ್ತಾನ್ರಿ ಟೀಚರ್" ಅನ್ನುತ್ತಿದ್ದಳು. ಹಾಗಾಗಿ ಮೊದಲು ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ, ಅಂದರೆ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಸರ್ಕಾರಿ ಕೇಂದ್ರ, ಇದೆಯಾ ವಿಚಾರಿಸಿ. ಮೂರು ವರ್ಷದೊಳಗಿನ ಮಕ್ಕಳಿಗೆ ಅಂತಲೇ ಇರುವುದು ಅದು. ಕೂಲಿಗೆ ಹೊರಡುವ ಹೊತ್ತಿಗೆ ಅದು ತೆರೆದಿರಬೇಕು, ಇಲ್ಲದಿದ್ದರೆ ಅಕ್ಕನ ಶಾಲೆ ತಪ್ಪಿದ್ದೇ.

ಇನ್ನು ಓದು. ಐದನೇ ತರಗತಿಗೆ ಬಂದರೂ ಒತ್ತಕ್ಷರ ಸಿಕ್ಕ ಕೂಡಲೇ ನಿಂತುಬಿಡುವ ಮಕ್ಕಳು ಜಾಸ್ತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಸುವ ಪದ್ಧತಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ, ಆದರೆ ಅದು ಇರುವುದು ಮೂರನೇ ತರಗತಿ ತನಕ. ನಾಲ್ಕಕ್ಕೆ ಬಂದಮೇಲೆ ಎಲ್ಲರಿಗೂ ಒಂದೇ ಪುಸ್ತಕ, ಹಿಂದೆ ಉಳಿದವರು ಉಳಿದೇ ಬಿಡುತ್ತಾರೆ. ನಿಮ್ಮ ದುಡ್ಡು ಇಲ್ಲಿ ಹಾಕಿ. ಡಿಗ್ರಿ ಮುಗಿಸಿ ಊರಲ್ಲೇ ಇರುವ ಹುಡುಗಿಯೊಬ್ಬಳಿಗೆ ತಿಂಗಳು ತಿಂಗಳು ತಪ್ಪದೆ ಗೌರವಧನ ಕೊಟ್ಟು, ಸಂಜೆ ಈ ಮಕ್ಕಳನ್ನು ಕೂರಿಸಿ ಓದಿಸಲು ಹೇಳಿ. ತರಗತಿ ಯಾವುದೇ ಇರಲಿ, ಓದಲು ಬರುವ ಮಟ್ಟ ನೋಡಿ ಗುಂಪು ಮಾಡಲಿ. ಒಂದು ವರ್ಷ ಕೊಟ್ಟು ಕೈಬಿಡುವ ಹಾಗಿದ್ದರೆ ಶುರು ಮಾಡಬೇಡಿ.

ಕೊಪ್ಪಳ ಕಡೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ: ಟೀಚರಮ್ಮ ಹೇಳಿದ್ದು ಖರೆ ಐತಿ ತಮ್ಮಾ. ಕಟ್ಟಡದ ಕೆಲಸಕ್ಕೆ ನಿಮ್ಮ ಕೈದುಡ್ಡು ಯಾಕೆ? ನಮ್ಮ ಶಾಲೆ ಕಾಂಪೌಂಡ್ ನರೇಗಾದಲ್ಲೇ ಆಯಿತು. ಗ್ರಾಮಸಭೆಯಲ್ಲಿ ಕೇಳಬೇಕು, ನಡಾವಳಿಯಲ್ಲಿ ಬರೆಸಬೇಕು, ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿತಾ ಅಂತ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮತ್ತೆ ಮತ್ತೆ ವಿಚಾರಿಸಬೇಕು. ಮಕ್ಕಳ ಗ್ರಾಮಸಭೆಯನ್ನೂ ಬಿಡಬೇಡಿ. ಶೌಚಾಲಯಕ್ಕೆ ನೀರಿಲ್ಲ ಅಂತ ದೊಡ್ಡವರು ಹೇಳಿದಾಗ ಆಗದ ಕೆಲಸ, ಏಳನೇ ತರಗತಿ ಹುಡುಗಿಯರು ಎದ್ದು ನಿಂತು ಕೇಳಿದ ಮೇಲೆ ಆಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನೂರಕ್ಕೆ 75 ಮಂದಿ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಕಾಗದದ ಮೇಲೆ ಇರುತ್ತಾರೆ, ಸಭೆಗೆ ಬರುವುದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ದಿನದ ಕೂಲಿ ಬಿಟ್ಟು ಹೇಗೆ ಬರಬೇಕು ಅವರು? ನಾವು ಸಂಜೆಗೆ ಬದಲಾಯಿಸಿದ್ದೇವೆ, ಈಗ ತಾಯಂದಿರೇ ಜಾಸ್ತಿ. ನೀವು ಊರಿಗೆ ಬಂದಾಗ ಹೆಡ್ ಮಾಸ್ತರ ಹತ್ತಿರ ಮೊದಲು ಇದನ್ನೇ ಮಾತಾಡಿ.