ಅಪ್ಪ ಅಮ್ಮನ ಜೊತೆ ಹತ್ತು ದಿನ ಕೊರಿಯಾ: ಯಾವ ಊರು ನೋಡೋದು, ಯಾವುದು ಬಿಡೋದು?

ಕೇಳಿದ್ದು:
ನಮಸ್ಕಾರ. ಅಕ್ಟೋಬರ್ ಕೊನೆಗೆ ಸಂಶೋಧನೆ ಕೆಲಸಕ್ಕೆ ಡೇಜಾನ್‌ಗೆ ಹೋಗುತ್ತಿದ್ದೇನೆ. ಕೆಲಸ ಶುರುವಾಗುವ ಮೊದಲು ಹತ್ತು ದಿನ ಅಪ್ಪ ಅಮ್ಮನಿಗೆ ಕೊರಿಯಾ ತೋರಿಸಬೇಕು. ಅಮ್ಮನಿಗೆ ಮಂಡಿನೋವು. ಇಬ್ಬರೂ ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನಲ್ಲ. ಸಿಯೋಲ್, ಬುಸಾನ್, ಜೇಜು ಮೂರೂ ಆಗುತ್ತಾ? ಹೋಗಿಬಂದವರು ದಯವಿಟ್ಟು ಹೇಳಿ.

ಸಿಯೋಲ್‌ನಲ್ಲಿ ಆರು ವರ್ಷದಿಂದ ಇರುವವರು:
ಜೇಜು ಈ ಸಲ ಬಿಡಿ. ದ್ವೀಪ ತುಂಬಾ ಚೆನ್ನಾಗಿದೆ, ಆದರೆ ಕಾರಿಲ್ಲದೆ ಓಡಾಡೋದು ಕಷ್ಟ, ಎಲ್ಲರೂ ಹೇಳುವ ಸೊಂಗ್‌ಸಾನ್ ಇಲ್ಚುಲ್‌ಬೊಂಗ್ ಜ್ವಾಲಾಮುಖಿ ಗುಡ್ಡದ ತುದಿ ನೋಡಬೇಕಂದ್ರೆ ಮೆಟ್ಟಿಲು ಹತ್ತಲೇಬೇಕು. ಸಿಯೋಲ್‌ಗೆ ನಾಲ್ಕು ದಿನ ಇಡಿ. ಗ್ಯೋಂಗ್ಬೊಕ್‌ಗುಂಗ್ ಅರಮನೆ ಮೊದಲು ಕಟ್ಟಿದ್ದು 1395ರಲ್ಲಿ. ಒಳಗೆ ಹೆಚ್ಚುಕಡಿಮೆ ಸಮತಟ್ಟು, ಅಮ್ಮ ನಿಧಾನಕ್ಕೆ ನಡೆಯಬಹುದು. ಹಾನ್‌ಬೊಕ್ ಅಂತ ಅವರ ಹಳೇ ಕಾಲದ ಉಡುಗೆ ತೊಟ್ಟು ಹೋದರೆ ಟಿಕೆಟ್ ಇಲ್ಲ, ಬಾಡಿಗೆಗೆ ಕೊಡುವ ಅಂಗಡಿಗಳು ಸುತ್ತ ಬೇಕಾದಷ್ಟಿವೆ. ಈ ಅರಮನೆಗೆ ಮಂಗಳವಾರ ರಜೆ, ಹತ್ತಿರದ ಇನ್ನೊಂದು ಅರಮನೆ ಚಾಂಗ್‌ಡೊಕ್‌ಗುಂಗ್‌ಗೆ ಸೋಮವಾರ ರಜೆ. ಹಳೇ ಮನೆಗಳಿರುವ ಬುಕ್‌ಚೊನ್ ಬೀದಿಗಳು ಏರುದಾರಿ, ಅಮ್ಮನನ್ನು ಅಲ್ಲಿ ಹತ್ತಿಸಬೇಡಿ. ಬದಲಿಗೆ ಸಂಜೆ ಚೊಂಗ್ಗ್ಯೆಚೊನ್ ಹೊಳೆ ದಂಡೆಗೆ ಹೋಗಿ. ಅದರ ಮೇಲೆ ಮೇಲ್ಸೇತುವೆ ಇತ್ತು, ಅದನ್ನು ಒಡೆದು 2005ರಲ್ಲಿ ನೀರು ಹರಿಸಿದರು. ನಮ್ಮ ಊರುಗಳ ರಾಜಕಾಲುವೆ ನೋಡಿದವರಿಗೆ ಆ ನೀರಿನ ಪಕ್ಕ ಕೂತಾಗ ಆಗುವ ಸಂತೋಷವೇ ಬೇರೆ.

ಇಳಿದ ತಕ್ಷಣ ಟಿ-ಮನಿ ಕಾರ್ಡ್ ತಗೊಳ್ಳಿ, ಮೆಟ್ರೋ ಬಸ್ ಎರಡಕ್ಕೂ ಆಗುತ್ತದೆ. ಫೋನಿಗೆ ನೇವರ್ ಮ್ಯಾಪ್ ಹಾಕಿಕೊಳ್ಳಿ. ಸ್ಟೇಷನ್ನಿನ ಎಷ್ಟನೇ ದ್ವಾರದಿಂದ ಹೊರಗೆ ಬರಬೇಕು ಅಂತಲೂ ಹೇಳುತ್ತದೆ. ಏನಾದರೂ ತೊಂದರೆಯಾದರೆ 1330ಕ್ಕೆ ಫೋನ್ ಮಾಡಿ, ಪ್ರವಾಸಿಗರ ಸಹಾಯವಾಣಿ, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ.

ಹೋದ ವರ್ಷ ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದವರು:
ನೀವು ಕೇಳಿದ ಪಟ್ಟಿಯಲ್ಲಿ ಗ್ಯೋಂಗ್ಜು ಇಲ್ಲವಲ್ಲ! ಜೇಜು ಬಿಟ್ಟರೆ ಆ ಎರಡು ದಿನ ಇಲ್ಲಿಗೆ ಕೊಡಿ. ಸುಮಾರು ಸಾವಿರ ವರ್ಷ ಸಿಲ್ಲಾ ರಾಜ್ಯದ ರಾಜಧಾನಿ ಇದು. ಊರ ನಡುವೆಯೇ ಹಸಿರು ಹುಲ್ಲಿನ ದೊಡ್ಡ ದೊಡ್ಡ ದಿಬ್ಬಗಳಿವೆ, ಮೊದಲು ಗುಡ್ಡ ಅಂದುಕೊಂಡಿದ್ದೆವು, ಅವೆಲ್ಲ ರಾಜರ ಸಮಾಧಿಗಳಂತೆ. ಒಂದರ ಒಳಗೆ ಹೋಗಿ ನೋಡಬಹುದು. ಅಲ್ಲಿಂದ ಚೊಮ್‌ಸೊಂಗ್‌ದೇಗೆ ನಡೆದೇ ಹೋಗಬಹುದು, 7ನೇ ಶತಮಾನದ ಕಲ್ಲಿನ ವೀಕ್ಷಣಾಲಯ. ಇನ್ನೂ ಸ್ವಲ್ಪ ಮುಂದೆ ವೊಲ್ಜಿ ಕೊಳ, ಕತ್ತಲಾದ ಮೇಲೆ ದೀಪಗಳು ನೀರಿನಲ್ಲಿ ಕಾಣುವಾಗ ಹೋಗಿ. ಇಷ್ಟೂ ಸಮತಟ್ಟು. ನಮ್ಮ ಅತ್ತೆಗೂ ಮಂಡಿನೋವೇ, ಇಡೀ ಪ್ರವಾಸದಲ್ಲಿ ಅವರು ಕೂರೋಣ ಅಂತ ಕೇಳದೆ ನಡೆದದ್ದು ಇಲ್ಲೇ. ಬುಲ್‌ಗುಕ್ಸಾ ದೇವಸ್ಥಾನ ಊರಿನಿಂದ ದೂರ, ಬಸ್ ಇದೆ. ಕೆಟಿಎಕ್ಸ್ ಅನ್ನುವ ವೇಗದ ರೈಲಿನ ಗ್ಯೋಂಗ್ಜು ನಿಲ್ದಾಣ ಕೂಡ ಊರೊಳಗಿಲ್ಲ, ಸಾಮಾನು ಇದ್ದರೆ ಟ್ಯಾಕ್ಸಿ ಮಾಡಿಬಿಡಿ.

ಬುಸಾನ್‌ನವರು:
ಇಲ್ಲಿಗೆ ಎರಡು ರಾತ್ರಿ ಸಾಕು. ಗಾಮ್‌ಚೊನ್ ಬಣ್ಣದ ಮನೆಗಳು ಗುಡ್ಡದ ಮೇಲಿವೆ, ಹೇದೊಂಗ್ ಯೊಂಗ್‌ಗುಂಗ್ಸಾ ದೇವಸ್ಥಾನಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು, ಇಳಿದದ್ದನ್ನು ಮತ್ತೆ ಹತ್ತಬೇಕು. ಅಮ್ಮನಿಗೆ ಎರಡೂ ಬೇಡ. ಹೆಉಂದೆ ಕಡಲತೀರದ ಮಿಪೊದಿಂದ ಸೊಂಗ್‌ಜೊಂಗ್‌ವರೆಗೆ ಹಳೇ ರೈಲುಹಳಿಯ ಮೇಲೆ ಪುಟ್ಟ ರೈಲು ಓಡುತ್ತದೆ. ಸುಮ್ನೆ ಕೂತುಕೊಂಡು ಸಮುದ್ರ ನೋಡಬಹುದು.

ಸಸ್ಯಾಹಾರಿ, ಸುವೊನ್‌ನಿಂದ:
ಊಟದ ವಿಷಯ ಯಾರೂ ಬರೆದಿಲ್ಲ, ಅದೇ ಅಲ್ವಾ ದೊಡ್ಡ ಚಿಂತೆ. ಊಟದ ಜೊತೆ ಕೊಡುವ ಹುಳಿ ತರಕಾರಿ ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿ ಇಲ್ಲವೇ ಮೀನಿನ ರಸ ಹಾಕುತ್ತಾರೆ, ತರಕಾರಿ ಸೂಪು ಅಂದರೂ ಒಣಮೀನಿನಲ್ಲಿ ಕುದಿಸಿದ ನೀರಿರಬಹುದು. ನಾನು ಮೊದಮೊದಲು ಅನ್ನ ತರಕಾರಿ ಕಲಸಿ ತಿನ್ನುವ ಬಿಬಿಂಬಾಪ್‌ಗೆ ಮಾಂಸ ಬೇಡ ಅಂತಷ್ಟೇ ಹೇಳುತ್ತಿದ್ದೆ, ಮೇಲೆ ಮೊಟ್ಟೆ ಬರುತ್ತಿತ್ತು. ಗೋಗಿ ಅಂದರೆ ಮಾಂಸ, ಗ್ಯೇರಾನ್ ಮೊಟ್ಟೆ, ಮನೂಲ್ ಬೆಳ್ಳುಳ್ಳಿ, ಯಾಂಗ್‌ಪಾ ಈರುಳ್ಳಿ. ಹೆಸರು ಹೇಳಿ 'ಪ್ಪೇ ಜುಸೆಯೋ' ಅಂದರೆ 'ತೆಗೆದು ಕೊಡಿ'. ಕೊರಿಯನ್ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೇದು.

ನಿಮ್ಮ ಅಪ್ಪ ಅಮ್ಮನಿಗೆ ನಿಜವಾಗಿ ಒಗ್ಗುವುದು ಬೌದ್ಧ ದೇವಸ್ಥಾನದ ಅಡುಗೆ. ಅದರಲ್ಲಿ ಮೀನು ಮಾಂಸ ಇರಲಿ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ. ಸಿಯೋಲ್‌ನ ಜೋಗ್ಯೇಸಾ ದೇವಸ್ಥಾನ, ಇನ್ಸಾದೊಂಗ್ ಬೀದಿ ಸುತ್ತ ಈ ಅಡುಗೆಯ ಹೋಟೆಲ್‌ಗಳಿವೆ. ದುಬಾರಿ, ಆದರೂ ಒಂದು ಹೊತ್ತು ಕರೆದುಕೊಂಡು ಹೋಗಿ. ಉಳಿದ ದಿನಕ್ಕೆ ಅಡುಗೆಮನೆ ಇರುವ ರೂಮು ಹುಡುಕಿ, ಅವಲಕ್ಕಿ ಚಟ್ನಿಪುಡಿ ತನ್ನಿ. ಹಸಿ ಕರಿಬೇವು, ಹಣ್ಣು ತರಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ಕೇಳಿದವರು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಜೇಜು ಬಿಟ್ಟೆ. ಗ್ಯೋಂಗ್ಜುವಿನಲ್ಲಿ ಹಾನೊಕ್ ಅನ್ನುವ ಹಳೇ ಕಾಲದ ಮನೆಯಲ್ಲಿ ಉಳಿಯಬೇಕು ಅಂತ ಅಪ್ಪನಿಗೆ ಆಸೆ. ಬುಕ್ ಮಾಡಲಾ?

ಅತ್ತೆ ಮಾವನ ಜೊತೆ ಹೋಗಿದ್ದವರು:
ಮಾಡಿ, ಆದರೆ ಮಂಚ ಇದೆಯಾ ಅಂತ ಕೇಳಿಯೇ ದುಡ್ಡು ಕಟ್ಟಿ. ಹಾನೊಕ್‌ನಲ್ಲಿ ಹೆಚ್ಚಾಗಿ ನೆಲದ ಮೇಲೆ ಹಾಸಿಗೆ ಹಾಸುತ್ತಾರೆ, ನೆಲ ಕೆಳಗಿನಿಂದ ಬೆಚ್ಚಗಿರುತ್ತದೆ, ಮಲಗಲು ಬಹಳ ಹಿತ. ಬೆಳಗ್ಗೆ ಏಳುವಾಗ ಅತ್ತೆಯನ್ನು ನಾವಿಬ್ಬರು ಕೈಹಿಡಿದು ಎಬ್ಬಿಸಬೇಕಾಯಿತು.