ಕ್ಯಾನಿನ ಬಾಯಿ ತೆರೆದಾಗ

ನಮ್ಮ ಮನೆತನ, ಬಳ್ಳಾರಿ (ವಾಟ್ಸಾಪ್ ಗುಂಪು)

ಕಾಕಾ: (ಫಾರ್ವರ್ಡ್ ಆದ ವಿಡಿಯೊ) ಒಂದು ಪ್ಯಾಕೆಟ್ ಬ್ಯಾಕ್ಟೀರಿಯಾ ಹಾಕಿದರೆ ಮೂರೇ ದಿನದಲ್ಲಿ ಕಾರ್ಖಾನೆಯ ವಿಷದ ನೀರು ಕುಡಿಯುವ ನೀರಾಗುತ್ತದಂತೆ. ಎಲ್ಲರೂ ನೋಡಿ. ನಾನೂ ಪ್ಯಾಕೆಟ್ ತರಿಸಿ, ನಮ್ಮ ಜೀನ್ಸ್ ವಾಷಿಂಗ್‌ನ ನೀಲಿ ನೀರಿಗೆ ಬೆಲ್ಲದ ಜೊತೆ ಬೆರೆಸಿ, 20 ಲೀಟರ್ ಕ್ಯಾನಿನಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಇವತ್ತಿಗೆ ನೀಲಿಯ ಗುರುತೇ ಇಲ್ಲ. ಇದೋ ಫೋಟೊ.

ತಮ್ಮ: ಹಾಗಾದರೆ ಎಲ್ಲರೂ ಸೇರಿ ಕಟ್ಟುವ ಶುದ್ಧೀಕರಣ ಘಟಕಕ್ಕೆ ನಾವೇಕೆ ಹಣ ಕೊಡಬೇಕು ಅಪ್ಪಾ? ಪ್ಯಾಕೆಟ್ಟೇ ಸಾಕಲ್ಲ.

ನಾನು: ಕಾಕಾ, ಫೋಟೊದಲ್ಲಿ ನೀರು ತುಸು ಹಳದಿಯಾಗಿದೆ. ಒಂದು ಲೋಟ ನೀರನ್ನು ಬಿಳಿ ಬಟ್ಟಲಿಗೆ ಸುರಿದು, ಗಾಳಿಗೆ ಇಟ್ಟು ನೋಡುತ್ತೀರಾ?

ಕಾಕಾ: ನೀನು ಮೈಕ್ರೋಬಯಾಲಜಿ ಓದಿದವಳು, ಸರಿ. ಆದರೆ ಕಣ್ಣಿಗೆ ಕಾಣುವುದನ್ನು ಅಲ್ಲಗಳೆಯಬೇಡ ಮಗಳೇ.

ಅತ್ತೆ: ಅವಳು ಹೇಳಿದಂತೆ ಮಾಡಿ ನೋಡು ಅಣ್ಣಾ. ವಾಷಿಂಗ್ ನೀರು ಹರಿಯುವ ಹಳ್ಳದ ಪಕ್ಕ ಹೊಲ ಇರುವುದು ನಮ್ಮದು.

ಕಾಕಾ: ಬಟ್ಟಲಿಗೆ ಸುರಿದು ಒಂದು ಗಂಟೆಯಾಯಿತು. ಮೇಲೆ ನೀಲಿ ಕೆನೆ ಕಟ್ಟಿದೆ. ಇದು ಹೇಗೆ?

ನಾನು: ನೀಲಿ ಎಲ್ಲಿಗೂ ಹೋಗಿರಲಿಲ್ಲ ಕಾಕಾ. ಗಾಳಿ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಲ್ಲ ತಿಂದು, ಆ ಶಕ್ತಿಯಿಂದ ಜೀನ್ಸ್‌ನ ನೀಲಿ ಬಣ್ಣವಾದ ಇಂಡಿಗೋವನ್ನು ನೀರಿನಲ್ಲಿ ಕರಗುವ ಹಳದಿ ರೂಪಕ್ಕೆ ತರುತ್ತವೆ. ಗಾಳಿ ತಾಗಿದರೆ ಅದು ಮತ್ತೆ ನೀಲಿಯೇ. ಹಿಂದಿನ ಬಣ್ಣಗಾರರು ಹರವಿಯಲ್ಲಿ ನೀಲಿಯನ್ನು ಹುಳಿಸಿ ನೂಲು ಅದ್ದುತ್ತಿದ್ದದ್ದೂ ಹೀಗೆಯೇ. ಹಳದಿಯಾಗಿ ಹೊರಬಂದ ನೂಲು ಗಾಳಿಗೆ ನೀಲಿಯಾಗುತ್ತಿತ್ತು. ನಿಮ್ಮ ಕ್ಯಾನು ಈಗ ಅಂಥದೊಂದು ಹರವಿ. ಅಜೋ ಎಂಬ ಇನ್ನೊಂದು ಜಾತಿಯ ಬಣ್ಣಗಳಾಗಿದ್ದರೆ ನನಗೆ ಇನ್ನೂ ಹೆಚ್ಚಿನ ಭಯ. ಗಾಳಿಯಿಲ್ಲದೆ ಅವು ಒಡೆದಾಗ ಬಣ್ಣ ನಿಜವಾಗಿಯೂ ಹೋಗುತ್ತದೆ, ಆದರೆ ಅಮೀನ್ ಎಂಬ ರಾಸಾಯನಿಕಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ತಿಳಿಯಾದ ಆ ನೀರನ್ನು ದನ ಕುಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ತಮ್ಮ: ಅಂದರೆ ಬ್ಯಾಕ್ಟೀರಿಯಾದ ಮಾತೇ ಸುಳ್ಳೇ ಅಕ್ಕಾ?

ನಾನು: ಖಂಡಿತ ಅಲ್ಲ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಚರಂಡಿ ನೀರಿಗೆ ಗಾಳಿ ಊದಿದರು. ತಳಕ್ಕೆ ಕೂತ ಕೆಸರನ್ನು ಚೆಲ್ಲದೆ ಮುಂದಿನ ಸಲದ ನೀರಿಗೂ ಅದನ್ನೇ ಬಳಸಿದರು. ಆ ಕೆಸರೇ ಬ್ಯಾಕ್ಟೀರಿಯಾದ ಮನೆ. ಇಂದಿಗೂ ಲೋಕದ ಎಷ್ಟೋ ಶುದ್ಧೀಕರಣ ಘಟಕಗಳು ನಡೆಯುವುದು ಆ ವಿಧಾನದ ಮೇಲೆಯೇ. ನಾನು ಜಗಳವಾಡುತ್ತಿರುವುದು ಬ್ಯಾಕ್ಟೀರಿಯಾದ ಪರವಾಗಿ. ಅವುಗಳನ್ನು ದನ ಸಾಕಿದಂತೆ ದಿನವೂ ಸಾಕಬೇಕು. ಲೀಟರ್ ನೀರಿನಲ್ಲಿ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಅದಕ್ಕೆ ಗಾಳಿ ಊದುವ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ನೀರಿನಲ್ಲಿ ಸಾರಜನಕ, ರಂಜಕ ಸಾಲದಿದ್ದರೆ ಯೂರಿಯಾ, ಡಿಎಪಿ ಗೊಬ್ಬರ ಕೊಡಬೇಕು. ಕಾಕಾ, ಬ್ಲೀಚ್ ಹಾಕಿದ ನೀರು, ಬಣ್ಣ ಮಾಸಲು ಪರ್ಮಾಂಗನೇಟ್ ಹೊಡೆದ ಪ್ಯಾಂಟ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಕಾಕಾ: ಎಲ್ಲವೂ ಒಂದೇ ತೊಟ್ಟಿಗೆ.

ನಾನು: ಎರಡೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಅವುಗಳ ಬಿರುಸನ್ನು ಮೊದಲೇ ಮುರಿದು, ಕಾಸ್ಟಿಕ್ ಸೋಡಾದ ಕ್ಷಾರವನ್ನೂ ತಗ್ಗಿಸಿ, ಆಮೇಲೆ ನೀರನ್ನು ಗಾಳಿಯ ತೊಟ್ಟಿಗೆ ಬಿಡಬೇಕು.

ಅತ್ತೆ: ವಾಷಿಂಗ್ ನೀರಿನಲ್ಲಿರುವ ಉಪ್ಪು ಏನಾಗುತ್ತದೆ? ನಮ್ಮ ಎರೆ ಹೊಲದಲ್ಲಿ ಒಂದು ಮಡಿಗೆ ಈಗ ನೀರೇ ಇಂಗುವುದಿಲ್ಲ. ಒಣಗಿದರೆ ಕಲ್ಲು. ಮೆಣಸಿನ ಸಸಿ ಬೇರು ಬಿಡಲಿಲ್ಲ.

ನಾನು: ಉಪ್ಪನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ ಅತ್ತೆ. ಎರೆ ಮಣ್ಣಿಗೆ ಸೋಡಿಯಂ ಹೆಚ್ಚಾದರೆ ಹೀಗೆಯೇ ಬಿಗಿಯುತ್ತದೆ. ಕಾರಣ ಅದೇ ಎನ್ನಲು ಮಣ್ಣು ಪರೀಕ್ಷೆ ಆಗಬೇಕು. ಉಪ್ಪು ತೆಗೆಯಲು ಕೊನೆಯಲ್ಲಿ ಆರ್‌ಒ ಬೇಕು, ಉಳಿದ ಉಪ್ಪು ನೀರನ್ನು ಆವಿ ಮಾಡಬೇಕು.

ಕಾಕಾ: ಆ ಖರ್ಚಿಗೆ ನನ್ನಂಥ ಸಣ್ಣವನು ಬಾಗಿಲು ಹಾಕಬೇಕಷ್ಟೇ. ಹನ್ನೆರಡು ಜನ ಕೆಲಸದವರಿದ್ದಾರೆ. ಅವರ ಮನೆಯ ಒಲೆಯನ್ನೂ ನೆನಪಿಟ್ಟುಕೊಂಡು ಮಾತಾಡು.

ನಾನು: ನೆನಪಿದೆ ಕಾಕಾ, ಅದಕ್ಕೇ ಒಬ್ಬೊಬ್ಬರೇ ಮಾಡಬೇಡಿ ಎನ್ನುತ್ತೇನೆ. ವಾಷಿಂಗ್‌ನವರೆಲ್ಲ ಸೇರಿದರೆ ಬ್ಲೋವರ್, ಆರ್‌ಒ, ನೋಡಿಕೊಳ್ಳುವ ಕೆಮಿಸ್ಟ್ ಎಲ್ಲವೂ ಹಂಚಿಕೆಯ ಖರ್ಚು. ನಿಮ್ಮ ಪಾಲಿಗೆ ಉಳಿಯುವುದು ಬ್ಲೀಚ್ ನೀರನ್ನು ಬೇರೆ ಹಿಡಿಯುವ ಕೆಲಸ.

ಅತ್ತೆ: ವಂತಿಗೆಯ ಸಭೆ ಯಾವಾಗ ಅಣ್ಣಾ?

ಕಾಕಾ: ಭಾನುವಾರ. ಹೋಗುತ್ತೇನೆ. ಕೊಡುತ್ತೇನೆ ಎಂದು ಇನ್ನೂ ಹೇಳಿಲ್ಲ. ಈ ಕ್ಯಾನಿನ ನೀರನ್ನು ಎಲ್ಲಿ ಸುರಿಯಲಿ?

ನಾನು: ಎಲ್ಲಿಯೂ ಸುರಿಯಬೇಡಿ. ಶನಿವಾರ ಮೀನಿನ ತೊಟ್ಟಿಯ ಗಾಳಿ ಪಂಪ್ ತರುತ್ತೇನೆ. ಇಬ್ಬರೂ ಕೂತು ನೋಡೋಣ.